ಸಿಕ್ಕು ಬಿಡಿಸುವ ಪ್ರೋಟೀನುಗಳು

ಚಳಿ ಹಿಂದೆ ಸರಿಯುವ ಹೊತ್ತಿಗೆ ಮಲೆನಾಡಿನ ಕಾಡಂಚಿನ ಊರುಗಳಲ್ಲಿ ದರಗು ಗುಡಿಸಿ ತರುವ ಕೆಲಸ ಶುರುವಾಗಿರುತ್ತದೆ. ಕೊಟ್ಟಿಗೆಗೆ ಹಾಸಲು, ಅಡಿಕೆ ಮರದ ಬುಡಕ್ಕೆ ಮುಚ್ಚಲು ಒಣ ಎಲೆ ಬೇಕೇ ಬೇಕು. ಎಲ್ಲೋ ಮಂಗ ಸತ್ತುಬಿದ್ದ ಸುದ್ದಿ ಬಂದರೆ ಆಶಾ ಕಾರ್ಯಕರ್ತೆಯರು ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಕೊಟ್ಟು, ಕೆಲವು ದಿನ ಕಾಡಿನ ಕಡೆ ಹೋಗಬೇಡಿ ಎಂದು ಹೇಳಿ ಹೋಗುತ್ತಾರೆ. ಹೋಗದಿದ್ದರೆ ನಡೆಯುವುದಿಲ್ಲ. ಎಲೆಯ ಅಡಿಯಲ್ಲಿ ಕಾದಿದ್ದ, ಕಣ್ಣಿಗೆ ಸುಲಭಕ್ಕೆ ಬೀಳದ ಮರಿ ಉಣುಗೊಂದು ಕಾಲಿಗೆ ಹತ್ತುತ್ತದೆ. ಆಮೇಲೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಈ ಕಥೆ ನಮಗೆಲ್ಲ ಗೊತ್ತಿರುವುದೇ.

ಉಣುಗು ಕಚ್ಚಿದ ಮೇಲೆ ಜೀವಕೋಶದ ಒಳಗೆ ಏನಾಗುತ್ತದೆ ಎಂಬುದು ಅಷ್ಟು ಗೊತ್ತಿಲ್ಲ. ವೈರಸ್ಸು ತಂದದ್ದು ಸುಮಾರು 11 ಸಾವಿರ ಅಕ್ಷರಗಳ ಒಂದೇ ಒಂದು ಆರ್‌ಎನ್‌ಎ ಎಳೆ. ಕೋಶ ಅದನ್ನು ತನ್ನದೇ ಆದೇಶವೆಂದು ನಂಬಿ ಓದಲು ಕೂರುತ್ತದೆ. ಓದುವ ಮುನ್ನ ಎಳೆಯ ಮಡಿಕೆಗಳನ್ನು ತೆಗೆಯಲು ಒಂದು ಪ್ರೋಟೀನ್ ಬರುತ್ತದೆ. ಓದಿ ಮುಗಿಸುವಷ್ಟರಲ್ಲಿ ವೈರಸ್ಸು ತನ್ನದೇ ಇನ್ನೊಂದು ಮಡಿಕೆ ತೆಗೆಯುವ ಪ್ರೋಟೀನನ್ನು ಮಾಡಿಸಿಕೊಂಡಿರುತ್ತದೆ. ಇದು ಪರಕೀಯ ಎಂದು ಗುರುತಿಸಿ ಕೂಗು ಹಾಕುವ ಮೂರನೆಯದೊಂದು ಪ್ರೋಟೀನ್ ಅಷ್ಟರಲ್ಲಿ ಎಚ್ಚೆತ್ತಿರುತ್ತದೆ. ಮೋಸಹೋಗುವುದು, ಮೋಸ ಮಾಡುವುದು, ಮೋಸ ಹಿಡಿಯುವುದು – ಮೂರೂ ಹತ್ತಿರದ ನೆಂಟರು. ಇವುಗಳಿಗೆ ಆರ್‌ಎನ್‌ಎ ಹೆಲಿಕೇಸ್ ಎಂದು ಹೆಸರು.

ತನ್ನ ಮೇಲೇ ಸುತ್ತಿಕೊಳ್ಳುವ ಎಳೆ

ಡಿಎನ್‌ಎ ಎರಡೆಳೆಯದು. ಎಳೆಗಳು ಒಂದನ್ನೊಂದು ತಬ್ಬಿಕೊಂಡು ಕೋಶಕೇಂದ್ರದಲ್ಲಿ ಭದ್ರವಾಗಿ ಇರುತ್ತವೆ. ಆರ್‌ಎನ್‌ಎ ಒಂಟಿ. ಡಿಎನ್‌ಎಯಲ್ಲಿರುವ ಒಂದು ವಂಶವಾಹಿಯ ನಕಲಾಗಿ ಹುಟ್ಟಿ, ಪ್ರೋಟೀನ್ ತಯಾರಾಗುವ ಜಾಗಕ್ಕೆ ಸಂದೇಶ ಒಯ್ಯುತ್ತದೆ. ಕೋವಿಡ್ ಲಸಿಕೆಯ ದಿನಗಳಲ್ಲಿ ನಾವು ಕೇಳಿದ ಎಂಆರ್‌ಎನ್‌ಎ ಇದೇ.

ಒಂಟಿಯಾದದ್ದು ಒಂಟಿಯಾಗಿ ಇರಲು ಒಪ್ಪುವುದಿಲ್ಲ. ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎ ಎಂಬುದು ಯು ಅನ್ನು, ಜಿ ಎಂಬುದು ಸಿ ಅನ್ನು ಕಂಡರೆ ಅಂಟಿಕೊಳ್ಳುತ್ತದೆ. ಜೋಡಿಗೆ ಬೇರೆ ಎಳೆ ಸಿಗದಿದ್ದರೆ ತನ್ನದೇ ಎಳೆಯ ಮುಂದಿನ ತುಂಡಿಗೆ ಅಂಟುತ್ತದೆ. ಹೂ ಕಟ್ಟಲು ನೆನೆಸಿಟ್ಟ ಬಾಳೆನಾರು ಕೈಬಿಟ್ಟ ಕೂಡಲೇ ತನ್ನ ಮೈಗೇ ಸುತ್ತಿಕೊಳ್ಳುವಂತೆ, ಆರ್‌ಎನ್‌ಎ ಕೂಡ ಕ್ಷಣಾರ್ಧದಲ್ಲಿ ಮಡಿಚಿ, ಕುಣಿಕೆಯಾಗಿ, ಗಂಟಾಗಿ ನಿಲ್ಲುತ್ತದೆ.

ಎಲ್ಲ ಮಡಿಕೆಯೂ ಕೆಡುಕಲ್ಲ. ಪ್ರೋಟೀನ್ ಕಟ್ಟುವ ರೈಬೋಸೋಮಿನ ಮೈಯೇ ಬಹುಪಾಲು ಮಡಿಚಿದ ಆರ್‌ಎನ್‌ಎ. ತೊಂದರೆ ಬರುವುದು ಮಡಿಕೆ ತಪ್ಪಾದಾಗ, ಅಥವಾ ಬಿಚ್ಚಬೇಕಾದ ಹೊತ್ತಿಗೆ ಬಿಚ್ಚದಿದ್ದಾಗ. ತಪ್ಪು ಮಡಿಕೆಯೂ ಸರಿಯಾದದ್ದರಷ್ಟೇ ಗಟ್ಟಿಯಾಗಿರಬಹುದು. ತಾನಾಗಿ ಬಿಚ್ಚಿಕೊಳ್ಳಲಿ ಎಂದು ಕಾದರೆ ಕೋಶದ ಆಯುಸ್ಸೇ ಮುಗಿದೀತು.

ಹೀಗಾಗಿ ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಎಲ್ಲ ಜೀವಿಗಳಲ್ಲೂ ಹೆಲಿಕೇಸುಗಳಿವೆ. ಮನುಷ್ಯನ ಜೀವಕೋಶದಲ್ಲಿ ಆರ್‌ಎನ್‌ಎ ಮೇಲೆ ಕೆಲಸ ಮಾಡುವಂಥವು ಅರವತ್ತಕ್ಕೂ ಹೆಚ್ಚು. ಅವುಗಳಲ್ಲಿ ಮೂವತ್ತೇಳು ‘ಡೆಡ್ ಬಾಕ್ಸ್’ ಎಂಬ ಒಂದೇ ಮನೆತನಕ್ಕೆ ಸೇರಿದವು. ಪ್ಯಾಟ್ರಿಕ್ ಲಿಂಡರ್ ಮತ್ತು ಸಂಗಡಿಗರು 1989ರಲ್ಲಿ ಬೇರೆ ಬೇರೆ ಜೀವಿಗಳ ಇಂಥ ಪ್ರೋಟೀನುಗಳನ್ನು ಹೋಲಿಸಿ ನೋಡಿದಾಗ ಎಲ್ಲದರಲ್ಲೂ ಒಂದೇ ಜಾಗದಲ್ಲಿ ಡಿ, ಇ, ಎ, ಡಿ ಎಂಬ ಸಂಕೇತದ ನಾಲ್ಕು ಅಮೈನೋ ಆಮ್ಲಗಳು ಸಾಲಾಗಿ ನಿಂತಿದ್ದವು. ಹೆಸರು ಬಂದದ್ದು ಅಲ್ಲಿಂದ; ಸಾವಿಗೂ ಅದಕ್ಕೂ ಸಂಬಂಧವಿಲ್ಲ.

ಹಿಡಿ, ಬಗ್ಗಿಸು, ಬಿಡು

ಡೆಡ್ ಬಾಕ್ಸ್ ಹೆಲಿಕೇಸಿಗೆ ಎರಡು ಗುಂಡನೆಯ ಭಾಗಗಳು, ನಡುವೆ ಬಾಗುವ ಒಂದು ಕೊಂಡಿ. ಬಿಡುವಿನಲ್ಲಿದ್ದಾಗ ಎರಡೂ ಭಾಗ ಅಗಲವಾಗಿ ತೆರೆದಿರುತ್ತವೆ. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಮತ್ತು ಆರ್‌ಎನ್‌ಎ ಎಳೆ ಎರಡೂ ಬಂದು ಕೂತಾಗ ಭಾಗಗಳು ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಹಿಡಿತದಲ್ಲಿ ಆರ್‌ಎನ್‌ಎ ಬಾಗಲೇಬೇಕು. ಬಾಗಿದ ಎಳೆ ತನ್ನ ಜೋಡಿಗೆ ಅಂಟಿಕೊಂಡು ಇರಲಾರದು. ಆ ಕೆಲವು ಅಕ್ಷರಗಳ ಮಟ್ಟಿಗೆ ಜೋಡಿ ಬಿಡುತ್ತದೆ. ಚಿಕ್ಕ ಮಡಿಕೆಯಾದರೆ ಉಳಿದದ್ದು ತಾನೇ ಸಡಿಲವಾಗಿ ಉದುರುತ್ತದೆ. ಕೊನೆಗೆ ಎಟಿಪಿ ಒಡೆದು, ಹಿಡಿತ ಸಡಿಲಿಸಿ, ಪ್ರೋಟೀನ್ ಕಳಚಿಕೊಳ್ಳುತ್ತದೆ.

ಇಂಧನ ಖರ್ಚಾಗುವ ಜಾಗವನ್ನು ಗಮನಿಸಬೇಕು. ಬಿಚ್ಚಲು ಎಟಿಪಿ ಬಂದು ಕೂತರೆ ಸಾಕು. ಅದು ಒಡೆಯಬೇಕಾದದ್ದು ಹಿಡಿದದ್ದನ್ನು ಬಿಡಲು. ಹೆಲಿಕೇಸುಗಳಿಂದ ಬರುವ ಕಾಯಿಲೆಗಳನ್ನು ಅರ್ಥಮಾಡಿಕೊಳ್ಳಲು ನನಗೆ ಅತಿ ಹೆಚ್ಚು ನೆರವಾದದ್ದು ಈ ಒಂದು ಸಂಗತಿ. ಪಠ್ಯಪುಸ್ತಕಗಳು ಬಿಚ್ಚುವುದನ್ನಷ್ಟೇ ಹೇಳಿ ಮುಂದೆ ಹೋಗುತ್ತವೆ. ಇವುಗಳಲ್ಲಿ ಕೆಲವು ಏನನ್ನೂ ಬಿಚ್ಚುವುದೇ ಇಲ್ಲ, ಆರ್‌ಎನ್‌ಎಯನ್ನು ಹಿಡಿದು ಕೂತು ಗುರುತಿನ ಕಟ್ಟಾಗಿ ಕೆಲಸ ಮಾಡುತ್ತವೆ.

ಬೇರೆ ಮನೆತನಗಳ ಹೆಲಿಕೇಸುಗಳು ಹೀಗೆ ನಿಂತಲ್ಲೇ ಕೆಲಸ ಮಾಡದೆ, ಎಟಿಪಿ ಸುಡುತ್ತ ಎಳೆಯುದ್ದಕ್ಕೂ ಒಂದೊಂದೇ ಅಕ್ಷರ ನಡೆದು ದಾರಿಯ ಜೋಡಿಗಳನ್ನೆಲ್ಲ ಬಿಡಿಸುತ್ತ ಹೋಗುತ್ತವೆ. ವೈರಸ್ಸುಗಳ ಹೆಲಿಕೇಸುಗಳು ಹೆಚ್ಚಾಗಿ ಈ ನಡಿಗೆಯವು.

ಚಳಿ ಹೆಚ್ಚಾದಷ್ಟೂ ಆರ್‌ಎನ್‌ಎ ಮಡಿಕೆಗಳು ಗಟ್ಟಿಯಾಗುತ್ತವೆ. ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಡೆಡ್ ಬಾಕ್ಸ್ ಪ್ರೋಟೀನನ್ನು ತೆಗೆದುಹಾಕಿದರೆ 37 ಡಿಗ್ರಿಯಲ್ಲಿ ಅದು ಆರಾಮವಾಗಿರುತ್ತದೆ, 15 ಡಿಗ್ರಿಗೆ ಇಳಿಸಿದರೆ ಬೆಳವಣಿಗೆ ಕುಂಟುತ್ತದೆ. ಗಿಡಗಳಲ್ಲೂ ಚಳಿ, ಉಪ್ಪು, ಬರ ತಡೆಯುವ ಶಕ್ತಿಗೆ ಈ ಪ್ರೋಟೀನುಗಳ ನಂಟಿದೆ. ಬಟಾಣಿ ಗಿಡದಲ್ಲಿ ಡಿಎನ್‌ಎ ಹೆಲಿಕೇಸ್ ಎಂದು ಗುರುತಿಸಿದ, ಆದರೆ ರಚನೆಯಲ್ಲಿ ಡೆಡ್ ಬಾಕ್ಸಿಗೇ ಸೇರುವ ಒಂದು ಪ್ರೋಟೀನನ್ನು ದೆಹಲಿಯ ನರೇಂದ್ರ ತುತೇಜಾ ಅವರ ತಂಡ ತಂಬಾಕು ಗಿಡಕ್ಕೆ ಸೇರಿಸಿತು. ಆ ಗಿಡ ಉಪ್ಪು ನೀರಿನಲ್ಲೂ ಬೆಳೆದು ಬೀಜ ಕಟ್ಟಿದ್ದು 2005ರಲ್ಲಿ ವರದಿಯಾಯಿತು. ಅದೇ ವಂಶವಾಹಿಯನ್ನು ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಜೊತೆಗೂಡಿ ಶೇಂಗಾ ಗಿಡದಲ್ಲಿ ಪರೀಕ್ಷಿಸಿದರು. ನೀರಿನ ಕೊರತೆಯಲ್ಲಿ ಅದು ಹೆಚ್ಚು ತಾಳಿಕೊಂಡಿತು. ಇದು ಪ್ರಯೋಗದ ಮಟ್ಟದ ಕೆಲಸ, ರೈತರ ಹೊಲಕ್ಕೆ ಬಂದ ತಳಿಯಲ್ಲ.

ಕತ್ತರಿಸಿ ಜೋಡಿಸುವಲ್ಲಿ ಎಂಟು ಮಂದಿ

ವಂಶವಾಹಿಯಿಂದ ನಕಲಾದ ಆರ್‌ಎನ್‌ಎಯಲ್ಲಿ ಬೇಕಾದ ಮಾತಿನ ನಡುವೆ ಬೇಡದ ಉದ್ದುದ್ದ ತುಂಡುಗಳೂ ಇರುತ್ತವೆ ಎಂಬುದನ್ನು ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ 1977ರಲ್ಲಿ ಕಂಡರು. 1993ರಲ್ಲಿ ಅವರಿಗೆ ನೊಬೆಲ್ ಬಂತು. ಬೇಡದ್ದನ್ನು ಕತ್ತರಿಸಿ ಉಳಿದದ್ದನ್ನು ಸೇರಿಸುವ ಕೆಲಸಕ್ಕೆ ಸ್ಪ್ಲೈಸೋಸೋಮ್ ಎಂಬ ದೊಡ್ಡ ಯಂತ್ರವಿದೆ. ಪ್ರತಿ ಕತ್ತರಿಕೆಗೂ ಅದು ಹೊಸದಾಗಿ ಕೂಡಿಕೊಳ್ಳಬೇಕು, ರೂಪ ಬದಲಿಸಬೇಕು, ಕೊನೆಗೆ ಬಿಚ್ಚಿಕೊಳ್ಳಬೇಕು. ಒಂದೊಂದು ಹಂತವನ್ನು ದಾಟಿಸಲೂ ಒಂದೊಂದು ಹೆಲಿಕೇಸ್, ಒಟ್ಟು ಎಂಟು. ಹಿಟ್ಟು ಹುದುಗಿಸುವ ಯೀಸ್ಟಿನಲ್ಲೂ ಇವು ಇವೆ, ನಮ್ಮಲ್ಲೂ ಇವೆ.

ಇವುಗಳ ಪೈಕಿ ಪಿಆರ್‌ಪಿ-16 ಎಂಬುದರ ಬಗ್ಗೆ ಕ್ರಿಸ್ಟೀನ್ ಗತ್ರಿ ಅವರ ಪ್ರಯೋಗಾಲಯ 1993ರಲ್ಲಿ ಪ್ರಕಟಿಸಿದ ಕೆಲಸ ಇವತ್ತಿಗೂ ಓದಲು ಸೊಗಸು. ಈ ಪ್ರೋಟೀನ್ ಎಟಿಪಿ ಒಡೆಯುವುದಕ್ಕೆ ಇಂತಿಷ್ಟು ಸಮಯ ತೆಗೆದುಕೊಳ್ಳುತ್ತದೆ. ಆ ಗಡುವಿನೊಳಗೆ ಕತ್ತರಿ ಬಿದ್ದರೆ ಆರ್‌ಎನ್‌ಎ ಮುಂದಿನ ಹಂತಕ್ಕೆ ಹೋಗುತ್ತದೆ. ತಪ್ಪು ಅಕ್ಷರವಿರುವ ಆರ್‌ಎನ್‌ಎ ನಿಧಾನ; ಗಡುವು ಮೀರುತ್ತದೆ, ಕಸಕ್ಕೆ ಹೋಗುತ್ತದೆ. ರೂಪಾಂತರದಿಂದ ಈ ಪ್ರೋಟೀನನ್ನೇ ನಿಧಾನ ಮಾಡಿದಾಗ ತಪ್ಪಿರುವವೂ ನುಸುಳಿ ಪಾರಾದವು. ಸಮಯಕ್ಕೆ ಸರಿಯಾಗಿ ಕೈಬಿಡುವುದೇ ಇಲ್ಲಿ ಗುಣಮಟ್ಟದ ಪರೀಕ್ಷೆ.

ಎಂಟರಲ್ಲಿ ಇನ್ನೊಂದಾದ ಬಿಆರ್‌ಆರ್-2 ಕೆಟ್ಟರೆ ಮನುಷ್ಯನಲ್ಲಿ ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ಕಣ್ಣಿನ ಕಾಯಿಲೆ ಬರುತ್ತದೆ. ಮೊದಲು ಇರುಳುಗುರುಡು, ಆಮೇಲೆ ನೋಟದ ಅಂಚು ಕಿರಿದಾಗುತ್ತ ಬರುತ್ತದೆ. ಮೈಯ ಎಲ್ಲ ಕೋಶಗಳಿಗೂ ಬೇಕಾದ ಪ್ರೋಟೀನ್ ಕೆಟ್ಟರೆ ಕಣ್ಣಿಗೆ ಮಾತ್ರ ಏಕೆ ಪೆಟ್ಟು? ಮಬ್ಬುಗತ್ತಲಲ್ಲಿ ನೋಡಲು ನೆರವಾಗುವ ರಾಡ್ ಕೋಶಗಳು ತಮ್ಮ ಹೊರಭಾಗದ ಸುಮಾರು ಹತ್ತನೇ ಒಂದು ಪಾಲನ್ನು ದಿನವೂ ಉದುರಿಸಿ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಅಷ್ಟು ಪ್ರೋಟೀನ್ ಬೇಡುವ ಕೋಶಕ್ಕೆ ಉಳಿದವು ಸಹಿಸಿಕೊಳ್ಳುವ ಸಣ್ಣ ಕೊರತೆಯೂ ಭಾರವಾಗುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಕಾವಲುಗಾರ ತನ್ನವರನ್ನೇ ಹಿಡಿದಾಗ

ವೈರಸ್ಸಿನ ಆರ್‌ಎನ್‌ಎಯನ್ನು ಕೋಶ ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆಗೆ ಬಹುಕಾಲ ಅರೆಬರೆ ಉತ್ತರಗಳಷ್ಟೇ ಇದ್ದವು. ಜಪಾನಿನ ತಕಾಶಿ ಫುಜಿತಾ ಅವರ ತಂಡ 2004ರಲ್ಲಿ ರಿಗ್-1 ಎಂಬ ಕಾವಲು ಪ್ರೋಟೀನನ್ನು ತೋರಿಸಿಕೊಟ್ಟಿತು. ಅದು ಹೆಲಿಕೇಸ್ ಮನೆತನದ್ದೇ. ಆದರೆ ಬಿಚ್ಚುವುದು ಅದರ ಮುಖ್ಯ ಕೆಲಸವಲ್ಲ.

ನಮ್ಮ ಎಂಆರ್‌ಎನ್‌ಎಯ ತಲೆಗೆ ಒಂದು ರಾಸಾಯನಿಕ ಟೋಪಿ ಇರುತ್ತದೆ. ಅನೇಕ ವೈರಸ್ಸುಗಳು ತಮ್ಮ ಪ್ರತಿ ಮಾಡಿಕೊಳ್ಳುವಾಗ ಟೋಪಿ ಇಲ್ಲದ, ತಲೆಯಲ್ಲಿ ಮೂರು ಫಾಸ್ಫೇಟ್ ಹೊತ್ತ, ಎರಡೆಳೆಯ ಆರ್‌ಎನ್‌ಎ ಹುಟ್ಟುತ್ತದೆ. ರಿಗ್-1 ತಡವಿ ನೋಡುವುದು ಆ ಬೋಳುತಲೆಯನ್ನು. ಅದರ ಜೊತೆಗಾರ ಎಂಡಿಎ-5 ಉದ್ದನೆಯ ಎರಡೆಳೆಗಳ ಮೇಲೆ ಸಾಲಾಗಿ ಕೂತು ಸರಪಳಿ ಕಟ್ಟುತ್ತದೆ. ಎರಡೂ ಕೂಗು ಹಾಕುವುದು ಮೈಟೋಕಾಂಡ್ರಿಯದ ಮೇಲಿರುವ ಒಂದೇ ಪ್ರೋಟೀನಿಗೆ. ಅಲ್ಲಿಂದ ಇಂಟರ್‌ಫೆರಾನ್ ಹೊರಟು ಅಕ್ಕಪಕ್ಕದ ಕೋಶಗಳೂ ಎಚ್ಚರಗೊಳ್ಳುತ್ತವೆ. ಜ್ವರ ಬಂದಾಗಿನ ಮೈಕೈ ನೋವಿಗೆ ಈ ಇಂಟರ್‌ಫೆರಾನೂ ಒಂದು ಕಾರಣ.

ಈಗ ಎಟಿಪಿಯ ಮಾತಿಗೆ ಮರಳೋಣ. ಕೋಶದ ತುಂಬ ನಮ್ಮದೇ ಆರ್‌ಎನ್‌ಎ ಇರುವಾಗ ಕಾವಲುಗಾರ ಅದಕ್ಕೂ ಆಗಾಗ ಕೈ ಹಾಕುತ್ತಾನೆ. ಎಟಿಪಿ ಒಡೆದು ರಿಗ್-1 ಕೈ ಕಳಚಿಕೊಳ್ಳುತ್ತದೆ. ವೈರಸ್ಸಿನ ಆರ್‌ಎನ್‌ಎ ಮೇಲಾದರೆ ಬಿಗಿಯಾಗಿ ನಿಲ್ಲುತ್ತದೆ. ಎಟಿಪಿ ಒಡೆಯಲಾಗದ ರೂಪಾಂತರವಾದರೆ ತನ್ನವರ ಮೇಲೆ ಇಟ್ಟ ಕೈಯನ್ನು ತೆಗೆಯಲಾಗದೆ ಕೂಗುತ್ತಲೇ ಇರುತ್ತದೆ. ಸಿಂಗಲ್‌ಟನ್-ಮರ್ಟೆನ್ ಎಂಬ ಅಪರೂಪದ ಕಾಯಿಲೆಯಲ್ಲಿ ಆಗುವುದು ಇದು: ಮಹಾಧಮನಿಯಲ್ಲಿ ಸುಣ್ಣ ಕಟ್ಟುತ್ತದೆ, ಹಲ್ಲುಗಳು ಬೇಗ ಉದುರುತ್ತವೆ. ಎಂಡಿಎ-5 ಹೀಗೆ ಅತಿಯಾಗಿ ಎಚ್ಚರವಿದ್ದರೆ ಅದೇ ಕಾಯಿಲೆ ಬರಬಹುದು, ಇಲ್ಲವೇ ಐಕಾರ್ಡಿ-ಗುತಿಯೇರ್ ಕಾಯಿಲೆ. ಎಳೆಗೂಸಿನ ಮಿದುಳು ಉರಿಯೂತದಿಂದ ಕೆಡುತ್ತದೆ. ಗರ್ಭದಲ್ಲೇ ವೈರಸ್ ಸೋಂಕು ತಗುಲಿತ್ತೇನೋ ಎಂದು ವೈದ್ಯರಿಗೆ ಅನಿಸುವಷ್ಟು ಹೋಲಿಕೆ. ಹುಡುಕಿದರೆ ವೈರಸ್ ಇರುವುದಿಲ್ಲ.

ಇದರ ಇನ್ನೊಂದು ಮುಖ ಟೈಪ್-1 ಡಯಾಬಿಟಿಸ್. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ದೇಹವೇ ಇನ್ಸುಲಿನ್ ಮಾಡುವ ಕೋಶಗಳನ್ನು ಕೊಲ್ಲುವ ಸಕ್ಕರೆ ಕಾಯಿಲೆ ಇದು. ಎಂಡಿಎ-5 ಅನ್ನು ದುರ್ಬಲಗೊಳಿಸುವ ಕೆಲವು ಅಪರೂಪದ ರೂಪಾಂತರಗಳನ್ನು ಹೊತ್ತವರಿಗೆ ಈ ಕಾಯಿಲೆಯ ಅಪಾಯ ಕಡಿಮೆ ಎಂದು 2009ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು ವರದಿ ಮಾಡಿದರು. ಕಾವಲು ಸ್ವಲ್ಪ ಮಂಕಾದದ್ದು ಅವರಿಗೆ ವರವಾಗಿತ್ತು. ಆದರೆ ಎಂಡಿಎ-5 ಪೂರ್ತಿ ಇಲ್ಲದ ಮಕ್ಕಳನ್ನು ಸಾಮಾನ್ಯ ನೆಗಡಿಯ ವೈರಸ್ಸೂ ಆಸ್ಪತ್ರೆಗೆ ತಳ್ಳಬಹುದು.

ಹೆಣ್ಣುಮಕ್ಕಳಲ್ಲೇ ಏಕೆ?

ಎಕ್ಸ್ ವರ್ಣತಂತುವಿನ ಮೇಲೆ ಡಿಡಿಎಕ್ಸ್-3ಎಕ್ಸ್ ಎಂಬ ಡೆಡ್ ಬಾಕ್ಸ್ ಹೆಲಿಕೇಸಿನ ವಂಶವಾಹಿ ಇದೆ. ಬಿಗಿಯಾಗಿ ಮಡಿಚಿದ ಎಂಆರ್‌ಎನ್‌ಎಗಳಿಂದ ಪ್ರೋಟೀನ್ ಹೊರಡಿಸುವುದು ಅದರ ಕೆಲಸಗಳಲ್ಲಿ ಒಂದು. ಬೌದ್ಧಿಕ ಬೆಳವಣಿಗೆ ಹಿಂದುಳಿದು, ಕಾರಣ ತಿಳಿಯದೆ ಉಳಿದಿದ್ದ ಹೆಣ್ಣುಮಕ್ಕಳಲ್ಲಿ ಶೇ 1ರಿಂದ 3ರಷ್ಟು ಮಂದಿಗೆ ಈ ವಂಶವಾಹಿಯ ರೂಪಾಂತರವೇ ಕಾರಣವಿರಬಹುದು ಎಂದು 2015ರ ಅಂತರರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿತು. ಅಪರೂಪದ್ದೆಂದುಕೊಂಡಿದ್ದ ಒಂದೇ ವಂಶವಾಹಿಗೆ ಇದು ದೊಡ್ಡ ಪಾಲು. ಬಹುತೇಕ ಪ್ರಕರಣಗಳಲ್ಲಿ ತಂದೆತಾಯಿಯಲ್ಲಿ ಆ ಬದಲಾವಣೆ ಇರುವುದೇ ಇಲ್ಲ, ಮಗುವಿನಲ್ಲಿ ಹೊಸದಾಗಿ ಆಗಿರುತ್ತದೆ. ನಮ್ಮಲ್ಲಿ ಇಂಥ ಮಗು ಹುಟ್ಟಿದರೆ ತಾಯಿಯ ವಂಶವನ್ನೋ ಗ್ರಹಣವನ್ನೋ ದೂರುವವರು ಇನ್ನೂ ಇದ್ದಾರೆ. ಅವರಿಗೆ ಇದನ್ನು ಹೇಳಬೇಕು.

ಗಂಡಿಗೆ ಎಕ್ಸ್ ಒಂದೇ. ಅದರಲ್ಲಿನ ಡಿಡಿಎಕ್ಸ್-3ಎಕ್ಸ್ ಪೂರ್ತಿ ಕೆಟ್ಟರೆ ಗಂಡು ಭ್ರೂಣ ಉಳಿಯುವುದು ಕಷ್ಟ. ಹೀಗಾಗಿ ಕಾಯಿಲೆ ಹೊತ್ತು ಬದುಕುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಈ ಮಕ್ಕಳಲ್ಲಿ ಒಂದು ವಿಚಿತ್ರ ಕಂಡಿದೆ. ವಂಶವಾಹಿಯ ಒಂದು ಪ್ರತಿ ಪೂರ್ತಿ ನಾಶವಾದವರಿಗಿಂತ, ಒಂದೇ ಒಂದು ಅಮೈನೋ ಆಮ್ಲ ಬದಲಾದ ಕೆಲವರಲ್ಲಿ ಮಿದುಳಿನ ತೊಂದರೆ ಹೆಚ್ಚು ತೀವ್ರ. ಇಲ್ಲದ ಪ್ರೋಟೀನ್ ಇಲ್ಲ, ಅಷ್ಟೇ. ಅರೆಕೆಟ್ಟ ಪ್ರೋಟೀನ್ ಆರ್‌ಎನ್‌ಎಯ ಜೊತೆ ಗಡ್ಡೆಗಟ್ಟಿ ಕೂರುತ್ತದೆ, ಬೇರೆ ಕೆಲಸಕ್ಕೂ ಅಡ್ಡಿಯಾಗುತ್ತದೆ. ಇದೇ ವಂಶವಾಹಿ ಮಕ್ಕಳ ಮಿದುಳಿನ ಕ್ಯಾನ್ಸರ್ ಆದ ಮೆಡುಲೋಬ್ಲಾಸ್ಟೋಮದಲ್ಲೂ ರೂಪಾಂತರಗೊಂಡಿರುತ್ತದೆ. ಮನೆತನದ ಇನ್ನೊಬ್ಬ ಸದಸ್ಯ ಡಿಡಿಎಕ್ಸ್-41ರಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ಇಳಿವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು.

ವೈರಸ್ಸಿನ ಕೈಯಲ್ಲೂ ಅದೇ ಆಯುಧ

ಡೆಂಗಿ, ಝೀಕಾ, ಮಂಗನ ಕಾಯಿಲೆಯ ವೈರಸ್ಸುಗಳು ಒಂದೇ ಕುಟುಂಬದವು. ಪ್ರತಿಯೊಂದರಲ್ಲೂ ಎನ್‌ಎಸ್-3 ಎಂಬ ಪ್ರೋಟೀನ್ ಇದೆ. ಅದರ ಒಂದು ತುದಿ ಕತ್ತರಿ, ಇನ್ನೊಂದು ತುದಿ ಹೆಲಿಕೇಸ್. ಈ ವೈರಸ್ಸುಗಳು ಕೋಶದ ಒಳಪೊರೆಯಲ್ಲಿ ಸಣ್ಣ ಚೀಲಗಳನ್ನು ಮಾಡಿಕೊಂಡು, ಕಾವಲುಗಾರರ ಕಣ್ಣು ತಪ್ಪಿಸಿ, ಒಳಗೆ ತಮ್ಮ ಆರ್‌ಎನ್‌ಎಯ ಪ್ರತಿಗಳನ್ನು ತೆಗೆಯುತ್ತವೆ. ಪ್ರತಿ ಎರಡೆಳೆಯಾದಾಗ ಅದನ್ನು ಬೇರ್ಪಡಿಸಲು ಹೆಲಿಕೇಸ್ ಬೇಕು. ಕೊರೊನಾ ವೈರಸ್ಸಿನಲ್ಲಿ ಆ ಕೆಲಸ ಎನ್‌ಎಸ್‌ಪಿ-13ರದು. 2003ರ ಸಾರ್ಸ್ ವೈರಸ್ಸಿಗೂ ಕೋವಿಡ್ ವೈರಸ್ಸಿಗೂ ಈ ಪ್ರೋಟೀನಿನ 601 ಅಮೈನೋ ಆಮ್ಲಗಳಲ್ಲಿ ಒಂದೇ ಒಂದು ವ್ಯತ್ಯಾಸ. ಎಚ್‌ಐವಿಗೆ ಸ್ವಂತ ಆರ್‌ಎನ್‌ಎ ಹೆಲಿಕೇಸ್ ಇಲ್ಲ. ಅದು ತನ್ನ ಆರ್‌ಎನ್‌ಎಯನ್ನು ಕೋಶಕೇಂದ್ರದಿಂದ ಹೊರಗೆ ಸಾಗಿಸಲು ನಮ್ಮ ಡಿಡಿಎಕ್ಸ್-3ಎಕ್ಸ್ ಅನ್ನೇ ಬಳಸಿಕೊಳ್ಳುತ್ತದೆ.

ಇಷ್ಟು ಮುಖ್ಯವಾದ, ಇಷ್ಟು ಕಡಿಮೆ ಬದಲಾಗುವ ಪ್ರೋಟೀನನ್ನೇ ಗುರಿ ಮಾಡಿ ಔಷಧಿ ಮಾಡಬಾರದೇ? ಪ್ರಯತ್ನಗಳು ನಡೆದಿವೆ, ಫಲ ಕಡಿಮೆ. ಹೆಪಟೈಟಿಸ್ ಸಿ ವೈರಸ್ಸಿನ ಹೆಲಿಕೇಸನ್ನು ಬಲು ವಿವರವಾಗಿ ಅಧ್ಯಯನ ಮಾಡಿದರೂ ಕೊನೆಗೆ ಆ ಕಾಯಿಲೆಯನ್ನು ಗುಣಪಡಿಸಿದ ಗುಳಿಗೆಗಳು ಹೆಲಿಕೇಸನ್ನು ಬಿಟ್ಟು ವೈರಸ್ಸಿನ ಬೇರೆ ಗುರಿಗಳನ್ನು ತಡೆಯುವಂಥವು. ಎಟಿಪಿ ಕೂರುವ ಗೂಡಿಗೆ ಬೆಣೆ ಹೊಡೆಯೋಣವೆಂದರೆ ಅಂಥದೇ ಗೂಡು ನಮ್ಮ ಹತ್ತಾರು ಹೆಲಿಕೇಸುಗಳಲ್ಲೂ ಇದೆ. ಆರ್‌ಎನ್‌ಎ ಕೂರುವ ಕಾಲುವೆಗೆ ಹೊಡೆಯೋಣವೆಂದರೆ ಅದು ಅಗಲ, ಸಣ್ಣ ಅಣು ಅಲ್ಲಿ ನೆಲೆ ನಿಲ್ಲದು. ಹರ್ಪಿಸ್ ವೈರಸ್ಸಿನ ಡಿಎನ್‌ಎ ಹೆಲಿಕೇಸನ್ನು ತಡೆಯುವ ಅಮೆನಾಮೆವಿರ್ ಎಂಬ ಔಷಧಿಗೆ ಜಪಾನ್ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಆರ್‌ಎನ್‌ಎ ವೈರಸ್ಸುಗಳ ಕಡೆ ಅಂಥ ಗೆಲುವು ಇನ್ನೂ ಬಂದಿಲ್ಲ.

ಅಗ್ಲಾಯಾ ಮರದ ವಿಷ

ಪ್ರಯೋಗಾಲಯಗಳು ತಿಣುಕಾಡುತ್ತಿದ್ದ ಕೆಲಸವನ್ನು ಒಂದು ಜಾತಿಯ ಮರಗಳು ಮಾಡಿ ಮುಗಿಸಿದ್ದವು. ಬೇವಿನ ಕುಟುಂಬಕ್ಕೆ ಸೇರಿದ ಅಗ್ಲಾಯಾ ಮರಗಳು ಆಗ್ನೇಯ ಏಷ್ಯಾದ ತುಂಬ ಇವೆ. ನಮ್ಮ ಪಶ್ಚಿಮಘಟ್ಟದಲ್ಲೂ ಅದರ ಕೆಲವು ಪ್ರಭೇದಗಳಿವೆ. ಇಲಿಗಳ ರಕ್ತದ ಕ್ಯಾನ್ಸರನ್ನು ತಡೆಯುವ ರೊಕಾಗ್ಲಾಮೈಡ್ ಎಂಬ ವಸ್ತುವನ್ನು ಅಗ್ಲಾಯಾದಿಂದ ಬೇರ್ಪಡಿಸಿದ್ದು 1982ರಲ್ಲಿ. ಅದು ಯಾವ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು. ಗುರಿ ಇಐಎಫ್-4ಎ ಎಂಬ ಹೆಲಿಕೇಸ್: ರೈಬೋಸೋಮ್ ಎಂಆರ್‌ಎನ್‌ಎಯನ್ನು ಓದಲು ಶುರುಮಾಡುವ ಮುನ್ನ ಮುಂತುದಿಯ ಮಡಿಕೆಗಳನ್ನು ತೆಗೆಯುವಂಥದು. ಮಂಗನ ಕಾಯಿಲೆಯ ವೈರಸ್ಸನ್ನು ನಮ್ಮದೆಂದು ನಂಬಿ ಮೋಸಹೋಗುವವರ ಸಾಲಿನಲ್ಲಿ ಇರುವುದೂ ಅದೇ.

ರೊಕಾಗ್ಲಾಮೈಡ್ ಈ ಹೆಲಿಕೇಸನ್ನು ನಿಲ್ಲಿಸಿ ಕೂರಿಸುವುದಿಲ್ಲ. ಎ ಮತ್ತು ಜಿ ಅಕ್ಷರಗಳು ಒತ್ತೊತ್ತಾಗಿರುವ ಜಾಗದಲ್ಲಿ ಆರ್‌ಎನ್‌ಎಗೂ ಪ್ರೋಟೀನಿಗೂ ನಡುವಿನ ಸಂದಿಯಲ್ಲಿ ಹೊಕ್ಕು ಎರಡನ್ನೂ ಕಚ್ಚಿಸಿಬಿಡುತ್ತದೆ. ಎಟಿಪಿ ಒಡೆದರೂ ಹಿಡಿತ ಸಡಿಲುವುದಿಲ್ಲ. ಹಿಂದೆ ಬರುವ ರೈಬೋಸೋಮಿಗೆ ದಾರಿ ಬಂದ್. ಕ್ಯಾನ್ಸರ್ ಬೆಳೆಸುವ ಮಿಕ್‌ನಂಥ ಪ್ರೋಟೀನುಗಳ ಎಂಆರ್‌ಎನ್‌ಎಗೆ ಮುಂತುದಿ ಉದ್ದ, ಮಡಿಕೆ ಹೆಚ್ಚು, ಇಐಎಫ್-4ಎ ಮೇಲಿನ ಅವಲಂಬನೆಯೂ ಹೆಚ್ಚು. ಹೀಗಾಗಿ ಪೆಟ್ಟು ಕ್ಯಾನ್ಸರ್ ಕೋಶಕ್ಕೆ ಜೋರಾಗಿ, ಉಳಿದವಕ್ಕೆ ಮೆಲ್ಲಗೆ ಬೀಳಬಹುದೆಂಬ ಆಸೆ. ಈ ಅಣುವನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಝೊಟಾಟಿಫಿನ್ ಎಂಬ ಔಷಧಿಯನ್ನು ಕ್ಯಾನ್ಸರ್ ರೋಗಿಗಳ ಮೇಲೆ ಆರಂಭಿಕ ಹಂತಗಳಲ್ಲಿ ಪರೀಕ್ಷಿಸಲಾಗಿದೆ.

ಗಿಡಗಳಿಗೂ ಇಐಎಫ್-4ಎ ಇಲ್ಲದೆ ನಡೆಯದು. ಹಾಗಿದ್ದರೆ ವಿಷ ಮಾಡುವ ಮರ ಸ್ವತಃ ಹೇಗೆ ಬದುಕಿದೆ? ಜಪಾನಿನ ಶಿಂತಾರೊ ಇವಾಸಾಕಿ ಅವರ ತಂಡ 2019ರಲ್ಲಿ ಅಗ್ಲಾಯಾದ ಇಐಎಫ್-4ಎಯನ್ನು ಓದಿ ನೋಡಿತು. ಮನುಷ್ಯನ ಪ್ರೋಟೀನಿನ ಲೆಕ್ಕದಲ್ಲಿ 163ನೇ ಜಾಗದಲ್ಲಿ ಫಿನೈಲ್‌ಅಲನಿನ್ ಹೋಗಿ ಲ್ಯೂಸಿನ್ ಬಂದಿತ್ತು, 199ರಲ್ಲೂ ಒಂದು ಬದಲಾವಣೆ ಆಗಿತ್ತು. ವಿಷ ಹೊಕ್ಕು ನಿಲ್ಲಲು ಅಲ್ಲಿ ಆಸರೆ ಉಳಿದಿರಲಿಲ್ಲ. ಕೆಲವು ವರ್ಷಗಳ ನಂತರ ಅಗ್ಲಾಯಾ ಮೇಲೆ ಬೆಳೆಯುವ ಪರಾವಲಂಬಿ ಶಿಲೀಂಧ್ರವೊಂದನ್ನು ಪರೀಕ್ಷಿಸಿದಾಗ ಅದರ ಇಐಎಫ್-4ಎ ಕೂಡ ಅದೇ ಜಾಗದಲ್ಲಿ ಬದಲಾಗಿತ್ತು. ಮರಕ್ಕೂ ಶಿಲೀಂಧ್ರಕ್ಕೂ ಸಂಬಂಧವಿಲ್ಲ. ಬೇರೆ ಬೇರೆಯಾಗಿ ಒಂದೇ ಉಪಾಯಕ್ಕೆ ಬಂದಿದ್ದವು.

ಪ್ರಯೋಗಾಲಯದಲ್ಲಿ ಇಲಿಯ ಜೀವಕೋಶಗಳ ಇಐಎಫ್-4ಎಯಲ್ಲಿ 163ನೇ ಜಾಗವನ್ನು ಬದಲಿಸಿದಾಗಲೂ ರೊಕಾಗ್ಲಾಮೈಡ್ ಕುಟುಂಬದ ಔಷಧಿಗಳು ನಾಟಲಿಲ್ಲ. ಈ ಔಷಧಿಗಳಿಗೆ ಮಣಿಯದ ಗಡ್ಡೆ ಮುಂದೆ ಯಾವ ರೋಗಿಯಲ್ಲಾದರೂ ಕಂಡರೆ, ವೈದ್ಯರು ಮೊದಲು ಓದಿ ನೋಡಬೇಕಾದ ಜಾಗ ಯಾವುದೆಂದು ಮರವೂ ಶಿಲೀಂಧ್ರವೂ ಈಗಾಗಲೇ ತೋರಿಸಿವೆ.